ಅಟ್ಟದಿಂದ ಇಳಿಸಿದ ಹಳೆ ಕಂಪ್ಯೂಟರ್ ಆನ್ ಆಗದಿದ್ದರೆ

ಕಳೆದ ಆಟಿ ತಿಂಗಳಲ್ಲಿ, ಮಳೆ ಜಡಿ ಹಿಡಿದಿದ್ದಾಗ, ಅಣ್ಣನ ಮಗ ಬೆಂಗಳೂರಿನಿಂದ ಬಂದ. ಕುಟುಂಬದ ಮೂಲ ನಾಗಬನ ಎಲ್ಲಿಯದು ಎಂದು ಹುಡುಕುವ ಕೆಲಸ ಅವನ ತಲೆಗೆ ಬಿದ್ದಿತ್ತು. ನನ್ನ ಅಪ್ಪ ಬಾಯಲ್ಲಿ ಹೇಳಿದ ವಂಶಾವಳಿಯನ್ನು ನಾನು 2003ರಲ್ಲಿ ಟೈಪ್ ಮಾಡಿಟ್ಟಿದ್ದೆ. ಪ್ರಿಂಟ್ ತೆಗೆದ ಪ್ರತಿಯನ್ನು ಒರಲೆ ತಿಂದು ಮುಗಿಸಿತ್ತು. ಉಳಿದದ್ದು ಕಂಪ್ಯೂಟರಿನ ಹೊಟ್ಟೆಯಲ್ಲಿ. ಆ ಕಂಪ್ಯೂಟರ್ ಕಲ್ಯಾಣಪುರದ ಮನೆಯ ಅಟ್ಟದಲ್ಲಿ, ತೊಟ್ಟಿಲು ಮತ್ತು ಹಳೆ ಚಾಪೆಗಳ ನಡುವೆ ಕೂತಿತ್ತು.

ನಾನು ಒಲೆ ಆರಿಸಿ ಬರುವಷ್ಟರಲ್ಲಿ ಅವನು ಅದನ್ನು ಇಳಿಸಿ, ಪ್ಲಗ್ ಚುಚ್ಚಿ, ಸ್ವಿಚ್ ಒತ್ತಿಯೂ ಆಗಿತ್ತು.

"ಅತ್ತೆ, ಇದು ಸತ್ತಿದೆ ಬಿಡಿ. ಗುಜರಿಗೆ ಹಾಕುವ."

"ಎಂಥದು ಮಾರಾಯ, ಮೊದಲು ಪ್ಲಗ್ ತೆಗಿ" ಎಂದೆ.

ಉಡುಪಿಯ ಕಲ್ಸಂಕದ ಹತ್ತಿರ ನಾನು ಹದಿನಾಲ್ಕು ವರ್ಷ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೆ. ಮದುವೆ ಕಾಗದ, ನೇಮದ ಆಮಂತ್ರಣ, ಯಕ್ಷಗಾನದ ಕರಪತ್ರ. ಮಳೆಗಾಲದಲ್ಲಿ ಯಂತ್ರ ಕೈಕೊಟ್ಟರೆ ರಿಪೇರಿಯವರು ಬರುವುದು ನಾಲ್ಕು ದಿನದ ಮೇಲೆ. ಮದುವೆ ನಾಲ್ಕು ದಿನ ಕಾಯುವುದಿಲ್ಲ, ಅಲ್ವಾ? ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯಲು ಕಲಿತೆ. ಈ ಯಂತ್ರ 2000ದಲ್ಲಿ ಕೊಂಡದ್ದು. ಪೆಂಟಿಯಂ 3, 64 ಎಂಬಿ ರ‍್ಯಾಮ್, ವಿಂಡೋಸ್ 98. ಅದನ್ನು ಎಬ್ಬಿಸಲು ನಮಗೆ ಮೂರು ಸಂಜೆ ಹಿಡಿಯಿತು. ಅದರಲ್ಲಿ ಒಂದು ಸಂಜೆ ನನ್ನ ದಡ್ಡತನದಿಂದ ಹಾಳಾಯಿತು. ಅದನ್ನೂ ಹೇಳುತ್ತೇನೆ.

ಮೊದಲು ಒಣಗಿಸಿ

ನಮ್ಮ ಕರಾವಳಿಯಲ್ಲಿ ಅಟ್ಟದಲ್ಲಿದ್ದ ಯಾವ ಯಂತ್ರಕ್ಕೂ ನೇರ ಕರೆಂಟು ಕೊಡಬೇಡಿ. ಉಪ್ಪುಗಾಳಿ, ತೇವ, ದೂಳು ಮೂರೂ ಸೇರಿ ಬೋರ್ಡಿನ ಮೇಲೆ ಒಂದು ಪಸೆ ಕಟ್ಟುತ್ತದೆ. ಆ ಪಸೆಯಲ್ಲಿ ಕರೆಂಟು ಹರಿಯುತ್ತದೆ. ಕ್ಯಾಬಿನೆಟ್‌ನ ಪಕ್ಕದ ತಗಡು ಬಿಚ್ಚಿ. ಒಣ ಪೈಂಟ್ ಬ್ರಷ್‌ನಿಂದ ದೂಳು ಬಿಡಿಸಿ, ಬ್ಲೋವರ್ ಇದ್ದರೆ ದೂರದಿಂದ ಊದಿ. ಊದುವಾಗ ಫ್ಯಾನಿಗೆ ಬೆರಳು ಅಡ್ಡ ಇಡಿ, ಸುಮ್ನೆ ತಿರುಗಲು ಬಿಡಬೇಡಿ. ಆಮೇಲೆ ಒಂದು ದಿನ ಪೂರ್ತಿ ಟೇಬಲ್ ಫ್ಯಾನಿನ ಎದುರು ಇಡಿ. ಮಳೆ ಜಾಸ್ತಿ ಇದ್ದರೆ ನಾನು 40 ವಾಟಿನ ಹಳೆ ಬಲ್ಬನ್ನು ಕ್ಯಾಬಿನೆಟ್ ಪಕ್ಕ ಒಂದಡಿ ದೂರದಲ್ಲಿ ಉರಿಸಿಡುತ್ತೇನೆ. ರೇಷ್ಮೆ ಸೀರೆಯ ಕಪಾಟಿಗೆ ಮಾಡುವ ಉಪಾಯವೇ.

ಒಣಗುವ ಹೊತ್ತಿನಲ್ಲಿ ಹಿಂದಿನ ಜಾಲರಿಗೆ ಟಾರ್ಚ್ ಹಿಡಿದು, ಗೋಡೆಯ ಕರೆಂಟನ್ನು ಯಂತ್ರಕ್ಕೆ ಬೇಕಾದ ಸಣ್ಣ ವೋಲ್ಟಿಗೆ ಇಳಿಸುವ ಡಬ್ಬಿಯಾದ ಎಸ್‌ಎಂಪಿಎಸ್ ಒಳಗೆ ನೋಡಿ. ಹಲ್ಲಿ ಸತ್ತು ಒಣಗಿದೆಯಾ? ಇರುವೆ ಮಣ್ಣು ತುಂಬಿದೆಯಾ? ಇದ್ದರೆ ಆ ಎಸ್‌ಎಂಪಿಎಸ್ ಬಿಟ್ಟುಬಿಡಿ, ಬೇರೆ ತನ್ನಿ. ಡಬ್ಬಿ ಬಿಚ್ಚಿ ತೆಗೆಯುವ ಯೋಚನೆ ಬೇಡ. 230 ವೋಲ್ಟ್ ಒಳಗೆ ಹೋಗಿ ಡಿಸಿ ಆದಾಗ ಸುಮಾರು 325 ವೋಲ್ಟ್ ಆಗಿ, ಕರೆಂಟು ತುಂಬಿಡುವ ದೊಡ್ಡ ಕೆಪಾಸಿಟರ್‌ಗಳಲ್ಲಿ ಕೂರುತ್ತದೆ. ಪ್ಲಗ್ ತೆಗೆದ ಮೇಲೂ ಕೆಲವೊಮ್ಮೆ ಅಲ್ಲೇ ಇರುತ್ತದೆ. ಆ ಡಬ್ಬಿ ಬಿಚ್ಚುವ ಕೆಲಸ ಅದನ್ನೇ ಕಲಿತವರದ್ದು. ನಾನು ಇಷ್ಟು ವರ್ಷವಾದರೂ ಬಿಚ್ಚಿಲ್ಲ.

ಇನ್ನೊಂದು ಮಾತು, ಎಲ್ಲಕ್ಕಿಂತ ಮುಖ್ಯ. ಒಳಗಿನ ಫೈಲ್ ಬೇಕಾಗಿದ್ದರೆ ಮೊದಲು ಹಾರ್ಡ್ ಡಿಸ್ಕಿನ ಎರಡೂ ವೈರು ಕಿತ್ತಿಡಿ. ಕೆಟ್ಟ ಎಸ್‌ಎಂಪಿಎಸ್ ಹೆಚ್ಚು ವೋಲ್ಟೇಜ್ ಬಿಟ್ಟರೆ ಡಿಸ್ಕ್ ಸುಟ್ಟುಹೋಗಬಹುದು. ಯಂತ್ರ ಹೋದರೆ ಇನ್ನೊಂದು ಸಿಗುತ್ತದೆ. ಅಪ್ಪನ ವಂಶಾವಳಿ ಇನ್ನೊಂದು ಸಿಗುವುದಿಲ್ಲ.

ಗೋಡೆಯಿಂದ ಒಳಗೆ ಬನ್ನಿ

ಆನ್ ಆಗದ ಯಂತ್ರ ಕಂಡ ಕೂಡಲೇ ಮದರ್‌ಬೋರ್ಡಿಗೆ ಕೈ ಹಾಕುವವರೇ ಜಾಸ್ತಿ. ನಾನು ಗೋಡೆಯಿಂದ ಶುರು ಮಾಡುತ್ತೇನೆ. ಪ್ಲಗ್ ಪಾಯಿಂಟಿನಲ್ಲಿ ಟೇಬಲ್ ಲ್ಯಾಂಪ್ ಹಾಕಿ ನೋಡಿ. ಟೆಸ್ಟರ್ ಉರಿದರೆ ಸಾಲದು, ಲೂಸ್ ಪಾಯಿಂಟಿನಲ್ಲೂ ಟೆಸ್ಟರ್ ಉರಿಯುತ್ತದೆ. ಸ್ಪೈಕ್ ಬಸ್ಟರ್ ನಡುವೆ ಇದ್ದರೆ ಅದನ್ನು ಬಿಟ್ಟು ನೇರ ಗೋಡೆಗೆ ಹಾಕಿ. ಪವರ್ ಕಾರ್ಡ್ ಬದಲಿಸಿ. ಹಳೆ ದಪ್ಪ ಮಾನಿಟರಿನ ಕಾರ್ಡೂ ಹೆಚ್ಚಾಗಿ ಅದೇ ತರದ್ದು, ಅದನ್ನೇ ಇಲ್ಲಿಗೆ ಚುಚ್ಚಬಹುದು. ಎಸ್‌ಎಂಪಿಎಸ್ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಗೀಟು ಮತ್ತು ಸೊನ್ನೆ ಬರೆದದ್ದು. ಗೀಟಿನ ಕಡೆ ಒತ್ತಿರಬೇಕು. ಅಟ್ಟಕ್ಕೆ ಹಾಕುವಾಗ ಯಾರೋ ಆಫ್ ಮಾಡಿರುತ್ತಾರೆ, ಹತ್ತು ವರ್ಷದ ಮೇಲೆ ನೆನಪಿರುವುದಿಲ್ಲ.

ಅದರ ಪಕ್ಕದ ಕೆಂಪು ಸ್ವಿಚ್ ಬೇರೆಯೇ. ಅದು 115 ಮತ್ತು 230ರ ನಡುವೆ ಬದಲಾಗುವಂಥದು. ನಮ್ಮಲ್ಲಿ 230 ಕಾಣಬೇಕು. ಮಕ್ಕಳು ಆಟಕ್ಕೆ 115ಕ್ಕೆ ಸರಿಸಿದ್ದರೆ, ಪ್ಲಗ್ ಹಾಕಿದ ಕೂಡಲೇ ಪಟಾಕಿ. ಕರೆಂಟು ಕೊಡುವ ಮೊದಲೇ ಇದನ್ನು ನೋಡಿ.

ಕ್ಯಾಬಿನೆಟ್ ಮುಟ್ಟಿದಾಗ ಬೆರಳಿಗೆ ಜುಂ ಎನ್ನುತ್ತದೆಯಾ? ಹೆಚ್ಚಿನ ಸಲ ಯಂತ್ರ ಕೆಟ್ಟದ್ದಲ್ಲ, ಮನೆಯ ಅರ್ಥ್ ಸರಿ ಇಲ್ಲದ್ದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸ್ವಲ್ಪ ಕರೆಂಟನ್ನು ಅರ್ಥಿಗೆ ಬಿಡುವ ಹಾಗೆ ಇರುತ್ತವೆ. ಅರ್ಥ್ ಇಲ್ಲದಿದ್ದರೆ ಅದು ತಗಡಿನಲ್ಲೇ ನಿಲ್ಲುತ್ತದೆ. ಮುರಕಲ್ಲಿನ ಗುಡ್ಡದ ಮೇಲಿನ ಮನೆಗಳಲ್ಲಿ ಬೇಸಗೆಯಲ್ಲಿ ಅರ್ಥ್ ಗುಂಡಿ ಒಣಗಿ ಈ ತೊಂದರೆ ಬರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅದನ್ನು ಸರಿ ಮಾಡಿಸದೆ ಮುಂದೆ ಹೋಗಬೇಡಿ.

ಮೊದಲ ಕರೆಂಟಿಗೆ ನಾನು ಸೀರೀಸ್ ಬೋರ್ಡ್ ಬಳಸುತ್ತೇನೆ. ಮಿಕ್ಸಿ ರಿಪೇರಿ ಅಂಗಡಿಗಳಲ್ಲಿ ನೋಡಿರುತ್ತೀರಿ, ಒಂದು ಬಲ್ಬ್ ಹೋಲ್ಡರ್, ಒಂದು ಪ್ಲಗ್ ಪಾಯಿಂಟ್, ಎರಡೂ ಒಂದರ ಹಿಂದೆ ಒಂದು. ಅದರಲ್ಲಿ 100 ವಾಟಿನ ಫಿಲಮೆಂಟ್ ಬಲ್ಬ್ ಹಾಕಿ ಕಂಪ್ಯೂಟರನ್ನು ಚುಚ್ಚಿ, ಮುಂದಿನ ಸ್ವಿಚ್ ಒತ್ತಬೇಡಿ. ಬಲ್ಬ್ ಒಮ್ಮೆ ಫಳಕ್ ಎಂದು ಮಂಕಾದರೆ ಒಳಗಿನ ಕೆಪಾಸಿಟರ್ ತುಂಬಿಕೊಂಡಿತು, ಒಳ್ಳೆಯದು. ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ಎಸ್‌ಎಂಪಿಎಸ್ ಶಾರ್ಟ್. ಬಲ್ಬ್ ಇಲ್ಲದೆ ನೇರ ಹಾಕಿದ್ದರೆ ಆಗ ಮನೆಯ ಎಂಸಿಬಿ ಬೀಳುತ್ತಿತ್ತು, ಇಲ್ಲವೇ ಎಸ್‌ಎಂಪಿಎಸ್‌ನ ಫ್ಯೂಸ್ ಹೋಗುತ್ತಿತ್ತು. ನಮ್ಮದು ಫಳಕ್ ಎಂದು ಮಂಕಾಯಿತು. ಹುಡುಗನ ಮುಖ ಸ್ವಲ್ಪ ಅರಳಿತು.

ನೇರಳೆ ವೈರು, ಹಸಿರು ವೈರು

ಸೀರೀಸ್ ಬೋರ್ಡ್ ತೆಗೆದು ನೇರ ಪಾಯಿಂಟಿಗೆ ಹಾಕಿದ ಮೇಲೆ ಮಲ್ಟಿಮೀಟರ್ ಬೇಕು. ಅಗ್ಗದ್ದು ಸಾಕು. ಡಿಸಿ 20 ವೋಲ್ಟಿಗೆ ತಿರುಗಿಸಿ.

ಕಂಪ್ಯೂಟರಿನ ಬೋರ್ಡು, ಪವರ್ ಡಬ್ಬಿಗಳ ಎಟಿಎಕ್ಸ್ ಎಂಬ ಮಾದರಿ 1995ರಲ್ಲಿ ಬಂತು. ಆ ಮಾದರಿಯ ಯಂತ್ರಗಳಲ್ಲಿ ಹಿಂದಿನ ಸ್ವಿಚ್ ಆನ್ ಇದ್ದರೆ, ಮುಂದಿನ ಸ್ವಿಚ್ ಒತ್ತದಿದ್ದರೂ ಒಂದು 5 ವೋಲ್ಟ್ ಸದಾ ಬರುತ್ತಿರುತ್ತದೆ. ಅದು ನೇರಳೆ ವೈರು. ಮದರ್‌ಬೋರ್ಡಿಗೆ ಚುಚ್ಚಿದ ಅಗಲ ಕನೆಕ್ಟರಿನ ಹಿಂಭಾಗದಿಂದ ಮೀಟರಿನ ಕೆಂಪು ಕಡ್ಡಿಯನ್ನು ನೇರಳೆಗೆ ತಾಗಿಸಿ, ಕಪ್ಪು ಕಡ್ಡಿಯನ್ನು ಯಾವುದಾದರೂ ಕಪ್ಪು ವೈರಿಗೆ. 4.75ರಿಂದ 5.25ರ ಒಳಗೆ ತೋರಿಸಬೇಕು. ಏನೂ ಇಲ್ಲದಿದ್ದರೆ ಎಸ್‌ಎಂಪಿಎಸ್ ಹೋಗಿದೆ ಎನ್ನಬಹುದು. ಆದರೂ ಕನೆಕ್ಟರ್ ಬೋರ್ಡಿನಿಂದ ಕಿತ್ತು ಇನ್ನೊಮ್ಮೆ ಅಳೆಯಿರಿ. ಆಗ ಬಂದರೆ ತಪ್ಪು ಬೋರ್ಡಿನಲ್ಲಿದೆ.

ಇದೇ ಕಾರಣಕ್ಕೆ, ಯಂತ್ರ ಆಫ್ ಇದ್ದರೂ ಪವರ್ ಕಾರ್ಡ್ ಕಿತ್ತೇ ರ‍್ಯಾಮ್ ಅಥವಾ ಒಳಗಿನ ಕಾರ್ಡು ತೆಗೆಯಬೇಕು. ಪ್ರತಿ ಸಲವೂ.

ನಮ್ಮದರಲ್ಲಿ 5.06 ಇತ್ತು. ಈಗ ಹಸಿರು ವೈರು ನೋಡಿ. ಯಂತ್ರ ಮಲಗಿರುವಾಗ ಅದರಲ್ಲಿ ಮೂರೂವರೆಯಿಂದ ಐದು ವೋಲ್ಟ್ ತನಕ ಇರುತ್ತದೆ. ಮುಂದಿನ ಸ್ವಿಚ್ ಒತ್ತಿದಾಗ ಮದರ್‌ಬೋರ್ಡ್ ಅದನ್ನು ಸೊನ್ನೆಗೆ ಎಳೆಯಬೇಕು. ಅದೇ ಎಸ್‌ಎಂಪಿಎಸ್‌ಗೆ ಏಳು ಎಂಬ ಅಪ್ಪಣೆ. ಸ್ವಿಚ್ ಒತ್ತಿದರೂ ಹಸಿರು ಅಲುಗದಿದ್ದರೆ, ತಪ್ಪು ಸ್ವಿಚ್ಚಿನದ್ದು ಅಥವಾ ಬೋರ್ಡಿನದ್ದು. ಹಸಿರು ಇಳಿದರೂ ಏನೂ ಏಳದಿದ್ದರೆ ಎಸ್‌ಎಂಪಿಎಸ್‌ನದ್ದು, ಅಥವಾ ಎಲ್ಲೋ ಶಾರ್ಟ್.

ನಾವು ಒತ್ತಿದಾಗ ಹಸಿರು ಇಳಿಯಿತು. ಫ್ಯಾನ್ ಒಂದು ಸಣ್ಣ ಎಳೆತ ಎಳೆದು ನಿಂತಿತು. ಅರ್ಧ ಸುತ್ತೂ ಇಲ್ಲ.

ಈ ಅರ್ಧ ಸುತ್ತಿನ ಎಳೆತ ಒಳ್ಳೆಯ ಲಕ್ಷಣ. ಎಸ್‌ಎಂಪಿಎಸ್ ಎದ್ದಿತು, ಎಲ್ಲೋ ಜಾಸ್ತಿ ಕರೆಂಟು ಹರಿಯುವುದು ಕಂಡು ತಾನೇ ಮುಚ್ಚಿಕೊಂಡಿತು. ಆಗ ಮಾಡಬೇಕಾದ್ದು ಇಷ್ಟೇ, ಒಂದೊಂದಾಗಿ ಕಳಚುತ್ತಾ ಹೋಗುವುದು. ಸಿಡಿ ಡ್ರೈವ್, ಫ್ಲಾಪಿ, ಸೌಂಡ್ ಕಾರ್ಡ್, ಮೋಡೆಮ್. ಪ್ರತಿ ಸಲ ಪವರ್ ಕಾರ್ಡ್ ಕಿತ್ತು, ಒಂದನ್ನು ತೆಗೆದು, ಮತ್ತೆ ಚುಚ್ಚಿ ಒತ್ತಿ ನೋಡುವುದು. ಎರಡು ಒಟ್ಟಿಗೆ ತೆಗೆದರೆ ಕಳ್ಳ ಯಾರೆಂದು ಗೊತ್ತಾಗುವುದಿಲ್ಲ. ಮದರ್‌ಬೋರ್ಡ್ ಕೆಳಗೆ ಬಿದ್ದ ಸ್ಕ್ರೂ ಇದೆಯಾ ಎಂದು ಕ್ಯಾಬಿನೆಟ್ ಅಲ್ಲಾಡಿಸಿ ಕೇಳಿ.

ನಾನಾದರೆ ಇಂಟರ್ನೆಟ್ಟಿಗೆ ಫೋನ್ ತಂತಿ ಚುಚ್ಚುತ್ತಿದ್ದ ಮೋಡೆಮಿನಿಂದ ಶುರು ಮಾಡುತ್ತೇನೆ. ಡಯಲಪ್ ಕಾಲದಲ್ಲಿ ಏಪ್ರಿಲ್-ಮೇ ಸಂಜೆಯ ಗುಡುಗಿಗೆ, ಮತ್ತೆ ಅಕ್ಟೋಬರಿನ ಗುಡುಗಿಗೆ, ನನ್ನ ಅಂಗಡಿಯ ಯಂತ್ರಗಳು ಹೊಡೆತ ತಿಂದದ್ದು ಹೆಚ್ಚಾಗಿ ಟೆಲಿಫೋನ್ ತಂತಿಯ ದಾರಿಯಲ್ಲಿ. ಎಲ್ಲರೂ ಗುಡುಗು ಕೇಳಿದರೆ ಪ್ಲಗ್ ಕೀಳುತ್ತಿದ್ದರು, ಫೋನಿನ ವೈರು ಮರೆಯುತ್ತಿದ್ದರು. ಈ ಮೋಡೆಮ್ ಕಾರ್ಡಿನಲ್ಲೂ ಒಂದು ಐಸಿಯ ಮೂಲೆ ಕಪ್ಪಾಗಿತ್ತು. ಅದನ್ನು ತೆಗೆದು ಒತ್ತಿದ್ದೇ ತಡ, ಫ್ಯಾನ್ ಗರ್ರನೆ ತಿರುಗಿತು.

ತಿರುಗಿತು, ನಿಂತಿತು.

ನಾನು ಹಾಳು ಮಾಡಿದ ಸಂಜೆ

ಎಸ್‌ಎಂಪಿಎಸ್ ಮುದಿಯಾಗಿ ಭಾರ ಎಳೆಯುತ್ತಿಲ್ಲ ಎಂದು ನನಗೆ ಖಾತ್ರಿಯಾಯಿತು. ಎರಡನೇ ಸಂಜೆ ಪೂರ್ತಿ ಅದನ್ನೇ ಪರೀಕ್ಷೆ ಮಾಡಿದೆ. ಪರೀಕ್ಷೆಯ ಕ್ರಮ ನಿಮಗೂ ಬೇಕಾದೀತು. ಪವರ್ ಕಾರ್ಡ್ ಕಿತ್ತು, ಅಗಲ ಕನೆಕ್ಟರನ್ನು ಬೋರ್ಡಿನಿಂದ ತೆಗೆಯಿರಿ. ಒಂದು ಕೆಲಸಕ್ಕೆ ಬಾರದ ಸಿಡಿ ಡ್ರೈವನ್ನು ನಾಲ್ಕು ಪಿನ್ನಿನ ವೈರಿಗೆ ಸಿಕ್ಕಿಸಿ, ಯಾಕೆಂದರೆ ಹಳೆ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಭಾರವಿಲ್ಲದೆ ಏಳುವುದೇ ಇಲ್ಲ. ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪಿನ ತೂತಿಗೂ ಒಂದು ತುಂಡು ವೈರು ಸಿಕ್ಕಿಸಿ. 20 ಪಿನ್ನಿನದರಲ್ಲಿ ಹಸಿರು 14ನೆಯದು, 24 ಪಿನ್ನಿನದರಲ್ಲಿ 16ನೆಯದು. ಆಮೇಲೆ ಕರೆಂಟು ಕೊಡಿ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಬರಬೇಕು. ಬೂದು ವೈರಿನಲ್ಲಿ ಸುಮಾರು 5 ವೋಲ್ಟ್ ಬರಬೇಕು, ಅದು ಎಲ್ಲ ಸರಿ ಇದೆ ಎಂದು ಎಸ್‌ಎಂಪಿಎಸ್ ಬೋರ್ಡಿಗೆ ಹೇಳುವ ವೈರು. ಫ್ಯಾನ್ ತಿರುಗಿದ್ದನ್ನು ಮಾತ್ರ ನಂಬಬೇಡಿ. 12 ವೋಲ್ಟ್ ಸರಿ ಇದ್ದು 5 ವೋಲ್ಟ್ ಇಳಿದಿದ್ದರೂ ಫ್ಯಾನ್ ಚಂದ ತಿರುಗುತ್ತದೆ.

ಬಣ್ಣ ನೋಡಿ ಕೈ ಹಾಕುವ ಮೊದಲು ಒಂದು ಎಚ್ಚರ. ಆ ಕಾಲದ ಕೆಲವು ಬ್ರಾಂಡೆಡ್ ಯಂತ್ರಗಳಲ್ಲಿ ಕನೆಕ್ಟರ್ ನೋಡಲು ಇದೇ, ಒಳಗಿನ ವೈರಿನ ಸಾಲು ಬೇರೆ. ಅದಕ್ಕೆ ಪೇಟೆಯ ಎಸ್‌ಎಂಪಿಎಸ್ ಹಾಕಿದರೆ ಬೋರ್ಡ್ ಹೋಗುತ್ತದೆ.

ನಮ್ಮ ಎಸ್‌ಎಂಪಿಎಸ್‌ನಲ್ಲಿ ಎಲ್ಲ ಅಳತೆಯೂ ಸರಿ ಇತ್ತು. ಬೋರ್ಡಿಗೆ ಮರಳಿ ಚುಚ್ಚಿ ಒತ್ತಿದೆ. ತಿರುಗಿತು, ನಿಂತಿತು. ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಹುಡುಗ ಸುಮ್ನೆ ಎಣಿಸುತ್ತಿದ್ದ.

"ಅತ್ತೆ, ಪ್ರತಿ ಸಲ ನಾಲ್ಕಕ್ಕೇ ನಿಲ್ತದೆ."

ಆಗ ಹೊಳೆಯಿತು ನನಗೆ. ಎಟಿಎಕ್ಸ್ ಯಂತ್ರದ ಸ್ವಿಚ್ ನಾಲ್ಕು ಸೆಕೆಂಡು ಒತ್ತಿ ಹಿಡಿದರೆ ಆಫ್ ಆಗುತ್ತದೆ. ಸ್ವಿಚ್ ಬೆರಳು ತೆಗೆದ ಮೇಲೂ ಒತ್ತಿಕೊಂಡೇ ಇತ್ತು! ಮುಂದಿನ ಪ್ಲಾಸ್ಟಿಕ್ ಮುಖ ಬಿಚ್ಚಿ ನೋಡಿದರೆ ಗುಂಡಿಯ ಹಿಂದಿನ ಪುಟ್ಟ ಸ್ಪ್ರಿಂಗ್ ತುಕ್ಕು ಹಿಡಿದು ಕೆಂಪಗೆ ಪುಡಿಯಾಗುತ್ತಿತ್ತು. ಉಪ್ಪುಗಾಳಿಯ ಕೆಲಸ. ಕಲ್ಯಾಣಪುರದಿಂದ ಕಡಲು ಎಷ್ಟು ದೂರ, ಹೇಳಿ.

ಇದನ್ನು ಎರಡು ನಿಮಿಷದಲ್ಲಿ ಪರೀಕ್ಷಿಸಬಹುದಿತ್ತು. ಮುಂದಿನ ಸ್ವಿಚ್ಚಿನಿಂದ ಬರುವ ಎರಡು ತೆಳು ವೈರುಗಳು ಬೋರ್ಡಿನ ಮೂಲೆಯ ಪಿನ್ನುಗಳಿಗೆ ಕೂತಿರುತ್ತವೆ. ಪಕ್ಕದಲ್ಲಿ ಪವರ್ ಸ್ವಿಚ್ ಎಂದು ಇಂಗ್ಲಿಷಿನಲ್ಲಿ ಸಣ್ಣಕ್ಕೆ ಬರೆದಿರುತ್ತದೆ. ಅವನ್ನು ಕಿತ್ತು, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ ಬಿಡಿ. ಯಂತ್ರ ಎದ್ದು ಓಡುತ್ತಲೇ ಇದ್ದರೆ ಸ್ವಿಚ್ಚೇ ಕೆಟ್ಟದ್ದು. ಹೊಸ ಸ್ವಿಚ್ ಹುಡುಕಿ ತಿರುಗಬೇಡಿ. ರೀಸೆಟ್ ಗುಂಡಿಯ ವೈರನ್ನು ತಂದು ಪವರ್ ಪಿನ್ನಿಗೆ ಸಿಕ್ಕಿಸಿ. ನಮ್ಮ ಯಂತ್ರ ಈಗಲೂ ರೀಸೆಟ್ ಗುಂಡಿಯಿಂದಲೇ ಆನ್ ಆಗುತ್ತದೆ.

ಫ್ಯಾನ್ ಇದೆ, ಡಿಸ್‌ಪ್ಲೇ ಇಲ್ಲ

ಮೂರನೇ ಸಂಜೆ ಫ್ಯಾನ್ ನಿಲ್ಲದೆ ತಿರುಗಿತು, ಪರದೆ ಕಪ್ಪು. ಒಳಗಿನಿಂದ ಉದ್ದ ಉದ್ದ ಬೀಪ್. ಯಂತ್ರ ಎದ್ದ ಕೂಡಲೇ ಎಲ್ಲ ಭಾಗ ಪರೀಕ್ಷಿಸುವ, ಬೋರ್ಡಿನೊಳಗಿನ ಪ್ರೋಗ್ರಾಮಿಗೆ ಬಯೋಸ್ ಎನ್ನುತ್ತಾರೆ. ಅವಾರ್ಡ್ ಕಂಪನಿಯ ಬಯೋಸಿನ ಯಂತ್ರಗಳಲ್ಲಿ ಬಿಟ್ಟು ಬಿಟ್ಟು ಬರುವ ಉದ್ದ ಬೀಪ್ ರ‍್ಯಾಮಿನ ದೂರು, ಒಂದು ಉದ್ದ ಎರಡು ಗಿಡ್ಡ ಬಂದರೆ ಡಿಸ್‌ಪ್ಲೇ ಕಾರ್ಡಿನ ದೂರು. ಬೀಪೇ ಇಲ್ಲದಿದ್ದರೆ ಸ್ಪೀಕರ್ ವೈರು ಕಿತ್ತಿದೆಯಾ ನೋಡಿ.

ರ‍್ಯಾಮ್ ಕಿತ್ತು ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ. ರಬ್ಬರ್ ಪುಡಿ ಬ್ರಷ್‌ನಿಂದ ತೆಗೆದು, ಎರಡೂ ಕಡೆಯ ಕಿವಿ ಟಕ್ ಎನ್ನುವ ತನಕ ಒತ್ತಿ ಕೂರಿಸಿ. ನಮ್ಮ ರ‍್ಯಾಮಿನ ಹಲ್ಲು ತಾಮ್ರದ ಚೆಂಬಿನಂತೆ ಮಂಕಾಗಿತ್ತು. ಉಜ್ಜಿದ ಮೇಲೆ ಒಂದೇ ಗಿಡ್ಡ ಬೀಪ್, ಪರದೆಯಲ್ಲಿ ಅಕ್ಷರ.

ಅಷ್ಟಕ್ಕೂ ಬಾರದಿದ್ದರೆ ಬೋರ್ಡಿನ ಸೆಲ್ ಬದಲಿಸಿ. ಸಿಆರ್ 2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಪೂರ್ತಿ ಇಳಿದರೆ ಕೆಲವು ಬೋರ್ಡು ಏಳುವುದೇ ಇಲ್ಲ. ಆಮೇಲೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಚಪ್ಪಟೆ ಇರಬೇಕು. ನೀರುದೋಸೆಯ ನಡುವೆ ಗುಳ್ಳೆ ಎದ್ದ ಹಾಗೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ, ಅವು ಹೋಗಿವೆ. 2000ದ ದಶಕದ ಶುರುವಿನ ಬೋರ್ಡುಗಳಲ್ಲಿ ಕೆಟ್ಟ ಕೆಪಾಸಿಟರ್ ಜಗತ್ತಿಡೀ ಕಾಡಿದ ರೋಗ. ಟಿವಿ ರಿಪೇರಿ ಮಾಡುವವರು ಬದಲಿಸಿ ಕೊಡುತ್ತಾರೆ. ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯ ಲೋ ಇಎಸ್‌ಆರ್ ಎಂದು ಕೇಳಿ ಹಾಕಿಸಿ.

ಹೊಸ ಎಸ್‌ಎಂಪಿಎಸ್ ಕೊಳ್ಳಬೇಕಾಗಿ ಬಂದರೆ, 24 ಪಿನ್ನಿನದು 20 ಪಿನ್ನಿನ ಬೋರ್ಡಿಗೂ ಕೂರುತ್ತದೆ, ನಾಲ್ಕು ಪಿನ್ನು ಬಿಡಿಸಬಹುದು ಅಥವಾ ಹೊರಗೆ ನೇತಾಡಲಿ. ಆದರೆ ಹಳೆ ಬೋರ್ಡು 5 ವೋಲ್ಟಿನಿಂದ ಜಾಸ್ತಿ ಉಣ್ಣುತ್ತದೆ, ಈಗಿನವು 12 ವೋಲ್ಟಿಗೆ ಮಾಡಿದವು. ಲೇಬಲ್ಲಿನಲ್ಲಿ 5 ವೋಲ್ಟಿನ ಎದುರು 20 ಆಂಪಿಯರ್ ಆದರೂ ಇರಲಿ.

ನಿಮ್ಮದು ಇನ್ನೂ ಹಳೆಯದು, 386 ಅಥವಾ 486 ಪ್ರೊಸೆಸರಿನದು ಆದರೆ, ಹಸಿರು-ನೇರಳೆಯ ಕಥೆ ಅಲ್ಲಿಲ್ಲ. ಮುಂದಿನ ಸ್ವಿಚ್ಚಿಗೇ 230 ವೋಲ್ಟ್ ಬರುತ್ತದೆ, ಕೈ ಹಾಕಬೇಡಿ. ಬೋರ್ಡಿಗೆ ಎರಡು ಕನೆಕ್ಟರ್ ಇರುತ್ತವೆ, ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರಬೇಕು. ತಿರುಗಿ ಹಾಕಿದರೆ ಬೋರ್ಡ್ ಸುಡುತ್ತದೆ. ಪೀಪಾಯಿ ಆಕಾರದ ನೀಲಿ ಬ್ಯಾಟರಿ ಸೋರಿ ಹಸಿರು ಪಾಚಿ ಕಟ್ಟಿದ್ದರೆ, ಅದನ್ನು ಕತ್ತರಿಸಿ ತೆಗೆದು, ಹತ್ತಿಯಲ್ಲಿ ವಿನೆಗರ್ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಿರಿ.

ಎಲ್ಲ ಸರಿಯಾಗಿ ಹತ್ತು ನಿಮಿಷ ನಿಲ್ಲದೆ ಓಡಿದ ಮೇಲೆ ಹಾರ್ಡ್ ಡಿಸ್ಕ್ ಸಿಕ್ಕಿಸಿದೆ. ವಿಂಡೋಸ್ ಪೂರ್ತಿ ತೆರೆಯಲಿ ಎಂದು ಆಸೆ ಪಡದೆ, ಡಿಸ್ಕ್ ತಿರುಗುವ ಸದ್ದು ಸಮ ಇದೆ ಎಂದು ಕೇಳಿಸಿಕೊಂಡು ಆಫ್ ಮಾಡಿದೆ. ಡಿಸ್ಕ್ ಬಿಚ್ಚಿ, ಹಳೆ ಡಿಸ್ಕಿನ ಐಡಿಇ ಕನೆಕ್ಟರಿನಿಂದ ಯುಎಸ್‌ಬಿಗೆ ಹಾಕುವ ಅಡಾಪ್ಟರಿನಲ್ಲಿ ಹುಡುಗನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆವು. ಮೊದಲು ಕಾಪಿ, ಆಮೇಲೆ ನೋಡುವುದು.

ಫೈಲ್ ತೆರೆದರೆ ಅಪ್ಪನ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಕಲಸುಮೇಲೋಗರ. ಆ ಕಾಲದ ಕನ್ನಡ ಈಗ ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಲ್ಲ, ಫಾಂಟಿನ ಮೇಲೆ ನಿಂತದ್ದು. ಅದಕ್ಕೇ ಫೈಲಿನ ಜೊತೆ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ಫೋಲ್ಡರನ್ನೂ ಕಾಪಿ ಮಾಡಬೇಕು. ಫಾಂಟ್ ಹಾಕಿದ್ದೇ ಏಳು ತಲೆಮಾರಿನ ಹೆಸರು ಸಾಲಾಗಿ ಬಂತು. ಹುಡುಗ ಅದನ್ನು ಯೂನಿಕೋಡಿಗೆ ಬದಲಿಸಿ, ಅಲ್ಲೇ ಕೂತು ಮೂವರಿಗೆ ಕಳಿಸಿದ.

ಯಂತ್ರ ಈಗ ಅಟ್ಟದಲ್ಲಿಲ್ಲ. ನಡುಮನೆಯ ಕಪಾಟಿನ ಕೆಳಗೆ, ನೆಲದಿಂದ ಒಂದು ಗೇಣು ಎತ್ತರದ ಹಲಗೆಯ ಮೇಲಿದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಗುಡುಗಿಲ್ಲದ ಮಧ್ಯಾಹ್ನ ನೋಡಿ, ಅರ್ಧ ಗಂಟೆ ಓಡಿಸುತ್ತೇನೆ. ಹಿಂದಿನ ಜಾಲರಿಗೆ ಸೊಳ್ಳೆ ಬಲೆಯ ತುಂಡು ಅಂಟಿಸಿಟ್ಟಿದ್ದೇನೆ, ಹಲ್ಲಿಗೆ. ಓಡಿಸುವಾಗ ಅದನ್ನು ತೆಗೆಯಲು ಮರೆಯಬಾರದು, ಗಾಳಿ ಆಡುವುದಿಲ್ಲ.